ಓದುಗರ ಪ್ರಶ್ನೆ: ಜಿಂಕೆಯ ವಯಸ್ಸು ಕೊಂಬಿನಲ್ಲೋ ಹಲ್ಲಿನಲ್ಲೋ?

ಪ್ರಶ್ನೆ: ಕೊಂಬಿನ ಕವಲೆಷ್ಟೋ ಜಿಂಕೆಯ ವಯಸ್ಸಷ್ಟು ಎನ್ನುತ್ತಾರೆ, ನಿಜವೇ? ಅಮೆರಿಕದಲ್ಲಿ ಬೇಟೆಯಾದ ಜಿಂಕೆಯ ದವಡೆ ನೋಡಿ ವಯಸ್ಸು ಬರೆದುಕೊಳ್ಳುತ್ತಾರಂತೆ. ಅದು ಹೇಗೆ?

ಉತ್ತರ: ನಿಜವಲ್ಲ. ನಮ್ಮ ಚುಕ್ಕೆ ಜಿಂಕೆಯ ಒಂದೊಂದು ಕೊಂಬಿಗೆ ಸಾಮಾನ್ಯವಾಗಿ ಮೂರೇ ಕವಲು. ಬೆಳೆದ ಗಂಡಿಗೂ ಮುದಿ ಗಂಡಿಗೂ ಅಷ್ಟೇ. ಕೊಂಬು ಉದುರಿ ಮತ್ತೆ ಮೂಡುತ್ತದೆ, ಗಾತ್ರ ಮೇವಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಹೆಣ್ಣಿಗಂತೂ ಕೊಂಬೇ ಇಲ್ಲ.

ಅಮೆರಿಕದ ಬಿಳಿಬಾಲದ ಜಿಂಕೆಗೆ ವನ್ಯಜೀವಿ ತಜ್ಞ ಸೆವೆರಿಂಗ್‌ಹಾಸ್ 1949ರಲ್ಲಿ ವಿವರಿಸಿದ ಹಲ್ಲಿನ ಕ್ರಮ ಇಂದಿಗೂ ಬಳಕೆಯಲ್ಲಿದೆ. ಕೆಳದವಡೆಯ ಒಂದು ಬದಿ ಸಾಕು. ಪೂರ್ಣ ಬೆಳೆದ ಪ್ರಾಣಿಗೆ ಅಲ್ಲಿ ಆರು ಅರೆಯುವ ಹಲ್ಲುಗಳಿರುತ್ತವೆ. ಆರು ಇನ್ನೂ ತುಂಬದಿದ್ದರೆ ಮರಿ. ತುಂಬಿದ್ದರೆ ಮುಂದಿನಿಂದ ಮೂರನೆಯದನ್ನು ನೋಡಿ. ಅದು ಮೂರು ಉಬ್ಬುಗಳಿರುವ ಸವೆದ ಹಾಲುಹಲ್ಲಾದರೆ ಸುಮಾರು ಒಂದೂವರೆ ವರ್ಷ. ಹದಿನೆಂಟು ತಿಂಗಳ ಆಸುಪಾಸಿನಲ್ಲಿ ಅದು ಬಿದ್ದು, ಎರಡು ಉಬ್ಬಿನ ಹೊಸ ಬಿಳಿ ಹಲ್ಲು ಬರುತ್ತದೆ. ಅಲ್ಲಿಯವರೆಗೆ ತಪ್ಪಾಗುವುದು ಅಪರೂಪ.

ಆಮೇಲಿನದು ಸವೆತದ ಲೆಕ್ಕ. ನಾಲಗೆಯ ಕಡೆಯ ಏಣಿನಲ್ಲಿ ಕಂದು ಡೆಂಟೀನ್ (ಹಲ್ಲಿನ ಒಳಭಾಗ) ಪಟ್ಟಿ ಹೊರಹೊದಿಕೆಯಾದ ಬಿಳಿ ಎನಾಮಲ್‌ಗಿಂತ ಅಗಲವಾಗಿದೆಯೇ ನೋಡಬೇಕು. ನಾಲ್ಕನೆಯ ಹಲ್ಲಿನಲ್ಲಿ ಅಗಲವಾಗಿದ್ದರೆ ಮೂರೂವರೆ, ಐದನೆಯದರಲ್ಲೂ ಹಾಗಿದ್ದರೆ ನಾಲ್ಕೂವರೆ. ಆದರೆ ಮರಳು ನೆಲದ ಮೇವು ಹಲ್ಲನ್ನು ಬೇಗ ತೇಯುತ್ತದೆ. ವಯಸ್ಸು ಗೊತ್ತಿರುವ ದವಡೆಗಳನ್ನು ಕೊಟ್ಟು ಪರೀಕ್ಷಿಸಿದಾಗ ಅನುಭವಿಗಳೂ ಎಡವಿದ್ದಾರೆ. ಆದ್ದರಿಂದ ಮರಿ, ಒಂದೂವರೆ, ಅದಕ್ಕೂ ಮೇಲೆ ಎಂಬ ಮೂರು ವರ್ಗಗಳಿಗೆ ನಿಲ್ಲುವುದೇ ಪ್ರಾಮಾಣಿಕ ಲೆಕ್ಕ. ನಿಖರತೆ ಬೇಕಿದ್ದರೆ ಮುಂದಿನ ಬಾಚಿಹಲ್ಲನ್ನು ಬೇರುಸಹಿತ ಕಿತ್ತು, ಕಾಗದದ ಲಕೋಟೆಯಲ್ಲಿ ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬೇರನ್ನು ಹೊದ್ದಿರುವ ಸಿಮೆಂಟಮ್ ಎಂಬ ಪದರದಲ್ಲಿ ಚಳಿಗಾಲಕ್ಕೊಂದು ಗಾಢ ಗೆರೆ ಕೂಡುತ್ತದೆ, ಅವನ್ನೆಣಿಸಿ ವಯಸ್ಸು ಹೇಳುತ್ತಾರೆ. ಹಲ್ಲನ್ನು ಕುದಿಸಬಾರದು, ಬೇರು ಮುರಿಯಬಾರದು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಬಂಡೀಪುರ, ನಾಗರಹೊಳೆಯಲ್ಲಿ ಬೇಟೆಯೇ ಇಲ್ಲವಲ್ಲ. ಇಲ್ಲಿ ವಯಸ್ಸು ತಿಳಿಯುವುದು ಹೇಗೆ?

ಉತ್ತರ: ಜೀವಂತ ಹಿಂಡನ್ನು ನೋಡಿ, ನೂರು ಹೆಣ್ಣಿಗೆ ಎಷ್ಟು ಮರಿ ಎಂದು ಲೆಕ್ಕ ಹಾಕುತ್ತಾರೆ. ಹಿಂಡು ಬೆಳೆಯುತ್ತಿದೆಯೇ ಕುಗ್ಗುತ್ತಿದೆಯೇ ಎಂಬುದಕ್ಕೆ ಇದು ಮೊದಲ ಸುಳಿವು. ಬಿಳಿಬಾಲದ ಮರಿಯ ಚುಕ್ಕೆ ಕೆಲವೇ ತಿಂಗಳಲ್ಲಿ ಮಾಸುತ್ತದೆ; ನಮ್ಮ ಜಿಂಕೆಗೆ ಚುಕ್ಕೆ ಜೀವನಪೂರ್ತಿ, ಹಾಗಾಗಿ ಅದರಿಂದ ಏನೂ ತಿಳಿಯದು. ಪಕ್ಕದ ಹೆಣ್ಣಿನೊಡನೆ ಎತ್ತರ, ಮೂತಿಯ ಉದ್ದ ಹೋಲಿಸಿಯೇ ಹೇಳಬೇಕು. ಒಂಟಿಯಾಗಿ ನಿಂತ ಎಳೆಯ ಹೆಣ್ಣನ್ನು ಬೆಳೆದದ್ದೆಂದು ಬರೆದುಬಿಡುವುದು ಮಾಮೂಲಿ ತಪ್ಪು. ಅದರಿಂದ ಮರಿಗಳ ಪ್ರಮಾಣ ಸುಳ್ಳೇ ಇಳಿಯುತ್ತದೆ. ಅನುಮಾನವಿದ್ದರೆ 'ತಿಳಿಯದು' ಕಾಲಂನಲ್ಲಿ ಬರೆಯಿರಿ. ಚುಕ್ಕೆ ಜಿಂಕೆ ವರ್ಷದ ಯಾವ ತಿಂಗಳಲ್ಲಾದರೂ ಮರಿ ಹಾಕಬಹುದು. ಹಾಗಾಗಿ ಮರಿಗಳು ಒಂದೇ ಋತುವಿನಲ್ಲಿ ಹುಟ್ಟುತ್ತವೆಂಬ ಲೆಕ್ಕದ ಮೇಲೆ ನಿಂತ ಅಮೆರಿಕದ 'ಒಂದೂವರೆ, ಎರಡೂವರೆ' ಮೆಟ್ಟಿಲು ಇಲ್ಲಿಗೆ ಹೊಂದದು.

ಪ್ರಶ್ನೆ: ಕಾಡಂಚಿನಲ್ಲಿ ಬಿದ್ದ ದವಡೆಯನ್ನು ಅಭ್ಯಾಸಕ್ಕೆ ತರಬಹುದೇ?

ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಸರ್ಕಾರದ ಸ್ವತ್ತು. ಪಕ್ಕದಲ್ಲೊಂದು ನಾಣ್ಯವಿಟ್ಟು, ನಾಲಗೆ ಬದಿ ಕಾಣುವಂತೆ ಫೋಟೊ ತೆಗೆದು, ಜಾಗ ಗುರುತಿಸಿ ವಲಯ ಅರಣ್ಯ ಕಚೇರಿಗೆ ತಿಳಿಸಿ.