ಮ್ಯೂಸಿಕ್ ಆಪ್‌ನಲ್ಲಿ ಚಾನೋ ಪೋಸೋ ಹೆಸರು ಹಾಕಿ ಹುಡುಕಿದರೆ ಒಂದೆರಡು ಹಾಡು ಮಾತ್ರ ಯಾಕೆ ಬರುತ್ತವೆ?

ಅವರ ಮುಖ್ಯ ಧ್ವನಿಮುದ್ರಣಗಳು ಬೇರೆಯವರ ಬ್ಯಾಂಡಿನ ಹೆಸರಲ್ಲಿವೆ. ಬಹುಶಃ ಅದಕ್ಕೇ ನಿಮಗೆ ಅವರ ಕಾಂಗಾ (ಕೈಯಲ್ಲಿ ಬಾರಿಸುವ ಎತ್ತರದ ಕ್ಯೂಬನ್ ಡೋಲು) ವಾದನ ಸಿಗುತ್ತಿಲ್ಲ. ಕ್ಯೂಬಾದ ಹವಾನಾದವರಾದ ಪೋಸೋ 1947ರಲ್ಲಿ ನ್ಯೂಯಾರ್ಕಿನಲ್ಲಿ ಜಾಝ್ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಬ್ಯಾಂಡ್ ಸೇರಿದರು. 1948ರ ಡಿಸೆಂಬರ್‌ನಲ್ಲಿ ಅದೇ ಊರಿನ ಹಾರ್ಲೆಮ್ ಬಡಾವಣೆಯ ಒಂದು ಬಾರಿನಲ್ಲಿ ಗುಂಡೇಟಿಗೆ ಸತ್ತರು. ಆಗ ಬರೀ 33 ವರ್ಷ. ಎಷ್ಟು ಸಂಗೀತ ಬಾಕಿ ಉಳಿಯಿತೋ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಮೊದಲು 'ಡಿಜ್ಜಿ ಗಿಲೆಸ್ಪಿ ಆರ್ಕೆಸ್ಟ್ರಾ 1947' ಅಂತ ಹುಡುಕಿ. 'ಕುಬಾನಾ ಬಿ, ಕುಬಾನಾ ಬಾಪ್' ಕೇಳಿ. ಅದರ ಎರಡನೇ ಭಾಗದಲ್ಲಿ ಬ್ಯಾಂಡ್ ಹಿಂದೆ ಸರಿದು ಪೋಸೋ ಅವರ ಕೈ, ದನಿ ಎರಡೂ ಚೆನ್ನಾಗಿ ಕೇಳಿಸುತ್ತವೆ. ಆಮೇಲೆ 'ಮಾಂಟೆಕಾ'. ಇಲ್ಲಿ ಸ್ವಲ್ಪ ಹುಷಾರು: ಗಿಲೆಸ್ಪಿ ಇದನ್ನು ದಶಕಗಳ ಕಾಲ ನುಡಿಸಿದರು, 1948ರ ನಂತರದವುಗಳಲ್ಲಿ ಕಾಂಗಾ ಬೇರೆಯವರದು. ನಿಮಗೆ ಬೇಕಾದದ್ದು 1947ರ ಡಿಸೆಂಬರ್‌ನ ಸ್ಟುಡಿಯೋ ಮುದ್ರಣ. ಆಪ್‌ಗಳು ಮರುಬಿಡುಗಡೆಯ ವರ್ಷ ತೋರಿಸುವುದು ಜಾಸ್ತಿ, ಹಾಗಾಗಿ ಆಲ್ಬಂ ವಿವರವನ್ನೂ ಓದಿ.

ಮೂರನೆಯದು ಸ್ಯಾಕ್ಸೊಫೋನ್ ವಾದಕ ಜೇಮ್ಸ್ ಮೂಡಿ ಹೆಸರಿನಲ್ಲಿರುವ 1948ರ 'ಟಿನ್ ಟಿನ್ ದೆಯೋ'. ಚಿಕ್ಕ ತಂಡ, ಹಾಗಾಗಿ ತಾಳ ಬಿಡಿಬಿಡಿಯಾಗಿ ಕೇಳುತ್ತದೆ. ಕಲಿಯುವವರಿಗೆ ನನ್ನ ಪ್ರಕಾರ ಇದೇ ಒಳ್ಳೆಯದು.

ಅವರು ಬರೆದ ಹಾಡುಗಳೂ ಬೇಕಿದ್ದರೆ ರಚನೆಕಾರರ ಜಾಗದಲ್ಲಿ 'ಲೂಸಿಯಾನೋ ಪೋಸೋ' ಅಂತ ಹಾಕಿ. ಅದು ಅವರ ನಿಜವಾದ ಹೆಸರು. ಕ್ಯೂಬಾದ ಗಾಯಕ ಮಿಗೆಲಿತೋ ವಾಲ್ದೆಸ್ ಹಾಡಿರುವ 'ಬ್ಲೆನ್ ಬ್ಲೆನ್ ಬ್ಲೆನ್' ಇಂದ ಶುರು ಮಾಡಿ.