ಕೊಡಗಿನಲ್ಲಿ ಕಾಫಿ ತೋಟವನ್ನು ಒಬ್ಬ ಮಗನಿಗೇ ಉಯಿಲು ಬರೆದರೆ ಒಡಹುಟ್ಟಿದವರ ಸಂಬಂಧ ಕೆಡುತ್ತದೆಯೇ?

ಸಂಬಂಧ ಕೆಡುವುದು ಪಾಲಿನ ಪ್ರಮಾಣಕ್ಕಿಂತ ಹೆಚ್ಚಾಗಿ ತೀರ್ಮಾನ ತಿಳಿದುಬಂದ ರೀತಿಯಿಂದ ಎಂಬುದು ನನ್ನ ಅಭಿಪ್ರಾಯ. ಊರಲ್ಲೇ ಉಳಿದು, ಆನೆ ಕಾಟ ಸಹಿಸಿ, ಕಾಳುಮೆಣಸಿನ ಬಳ್ಳಿ ಹಬ್ಬಿಸಿದ ಅಣ್ಣನಿಗೆ ಹೆಚ್ಚು ಸಿಕ್ಕರೆ ಬೆಂಗಳೂರಿನ ತಮ್ಮ ಒಪ್ಪಿಯಾನು. ಅದೇ ಸಂಗತಿ ತಂದೆಯ ತಿಥಿ ಮುಗಿದ ಮೇಲೆ ಉಯಿಲಿನಿಂದ ಗೊತ್ತಾದರೆ, ತನ್ನನ್ನು ಲೆಕ್ಕಕ್ಕೇ ಇಡಲಿಲ್ಲವೆಂಬ ನೋವು ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಕಾನೂನಿನ ಮಿತಿಯೂ ಇದೆ. ಸ್ವಯಾರ್ಜಿತ ಆಸ್ತಿಯನ್ನು ತಂದೆ ಇಷ್ಟಬಂದವರಿಗೆ ಬರೆಯಬಹುದು. ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಮಾತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕಿದ್ದು, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇನ್ನೂ ತೊಡಕಿನದು: ದಾಖಲೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಪಟ್ಟೇದಾರರು (ಮನೆತನದ ಮುಖ್ಯಸ್ಥರು) ಇಡೀ ಒಕ್ಕದ, ಅಂದರೆ ಮನೆತನದ, ಆಸ್ತಿಗೆ ಏಕೈಕ ಮಾಲೀಕರಾಗುವುದಿಲ್ಲ.

ಸುಗ್ಗಿ ಹಬ್ಬವಾದ ಪುತ್ತರಿಗೆ ಮನೆತನದ ಮೂಲಮನೆಯಾದ ಐನ್‌ಮನೆಗೆ ಬಂದ ಅಕ್ಕನ ಮುಂದೆ ಕಾಫಿ ಲೋಟದ ಜೊತೆಗೇ ಹಕ್ಕು ಬಿಡುಗಡೆ ಪತ್ರವನ್ನಿಟ್ಟು ಸಹಿ ಕೇಳುವುದಕ್ಕಿಂತ (ಇದೇನೂ ಅಪರೂಪವಲ್ಲ), ತಂದೆ ಇರುವಾಗಲೇ ಎಲ್ಲರನ್ನೂ ಕೂರಿಸಿ, ಕಾರಣ ಹೇಳಿ, ತೋಟದ ಬದಲು ಯಾರಿಗೆ ಹಣ, ಯಾರಿಗೆ ಸೈಟು ಎಂದು ಗೊತ್ತುಮಾಡಿ, ವಿಭಾಗ ಪತ್ರವನ್ನು ನೋಂದಾಯಿಸುವುದು ಮೇಲು.