ಧಾರವಾಡದಲ್ಲಿ ಹೊಸ ಮನೆಗೆ ಕುಲುಮೆಯಲ್ಲಿ ಬಡಿದು ಮಾಡಿದ ಗೇಟು ಹಾಕಿಸುತ್ತಿದ್ದೇವೆ. ಎನಾಮೆಲ್, ಪಿಯು (ಪಾಲಿಯುರೆಥೇನ್ ಬಣ್ಣ), ಪೌಡರ್ ಕೋಟಿಂಗ್: ಯಾವುದಕ್ಕೆ ತುಕ್ಕು ಬರುವುದಿಲ್ಲ? ಶ್ರಾವಣದಲ್ಲಿ ಗೃಹಪ್ರವೇಶ.

ಯಾವುದಕ್ಕೂ ಬರುತ್ತದೆ. ಇದೇ ಮೂರು ಹೆಸರು ಹಿಡಿದುಕೊಂಡು ನಾನೂ ಹುಬ್ಬಳ್ಳಿಯ ಬಣ್ಣದ ಅಂಗಡಿಗಳನ್ನು ಸುತ್ತಿದ್ದೆ. ನನಗೂ ಗೃಹಪ್ರವೇಶದ ಅವಸರವಿತ್ತು, ಊರೂ ಧಾರವಾಡವೇ.

ಅಪ್ಪನಿಗೆ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಬಳ್ಳಿ ಕೆತ್ತನೆ ಎಂದರೆ ಪ್ರಾಣ. ಆ ಸುರುಳಿ ನಮ್ಮ ಗೇಟಿನಲ್ಲಿ ಬರಬೇಕೆಂದು ಹಟ ಹಿಡಿದರು. ಫ್ಯಾಬ್ರಿಕೇಶನ್ ಅಂಗಡಿಗಳಲ್ಲಿ ಅಚ್ಚಿನಲ್ಲಿ ಒತ್ತಿದ ಸಿದ್ಧ ಹೂವು, ಈಟಿಮೊನೆಗಳನ್ನು ಚೌಕ ಪೈಪಿಗೆ ಬೆಸುಗೆ ಹಾಕಿ ‘ರಾಟ್ ಐರನ್’ ಎಂದು ಕೊಡುತ್ತಾರೆ. ಅದು ಮೈಲ್ಡ್ ಸ್ಟೀಲ್. ಹೀಗಾಗಿ ಗದಗಿನ ಕಡೆಯ ಒಬ್ಬ ಹಿರಿಯ ಕಮ್ಮಾರರನ್ನು ಹುಡುಕಿಕೊಂಡು ಹೋದೆವು. ಅವರೂ ಬಡಿಯುವುದು ಮೈಲ್ಡ್ ಸ್ಟೀಲನ್ನೇ, ಆದರೆ ಪೈಪಲ್ಲ, ಗಟ್ಟಿ ಸರಳು. ಕುಂಟೆಯ ಕುಡ, ಕುಡುಗೋಲು ಅವರ ನಿತ್ಯದ ಕೆಲಸ. ಗೇಟು ಎಂದಾಗ ಮೊದಲು ನಕ್ಕರು, ಆಮೇಲೆ ಅಪ್ಪನಿಗಿಂತ ಹೆಚ್ಚು ಹುಚ್ಚು ಹಿಡಿಸಿಕೊಂಡರು. 12 ಮಿಲಿಮೀಟರಿನ ಚೌಕ ಸರಳನ್ನು ಕೆಂಪಗೆ ಕಾಯಿಸಿ ಸುರುಳಿ ತಿರುಗಿಸಿ, ಬೆಸುಗೆಯ ಬದಲು ಬಿಸಿ ಪಟ್ಟಿ ಸುತ್ತಿ, ರಿವೆಟ್ ಬಡಿದು ಜೋಡಿಸಿದರು.

ಕೆಲಸ ಮುಗಿದ ದಿನ ಅವರು ಹೇಳಿದ್ದಿಷ್ಟು: “ತಮ್ಮಾ, ಈಗಲೇ ಒಯ್ಯಬೇಡ. ಒಂದು ಮಳೆಗಾಲ ಹಿತ್ತಲಿನಲ್ಲಿ ಬಿದ್ದಿರಲಿ. ಮೈತುಂಬ ತುಕ್ಕು ಬರಲಿ, ಆಮೇಲೆ ತಿಕ್ಕಿ ಬಣ್ಣ ಹೊಡೆಸು.”

ತುಕ್ಕು ಬರಬಾರದೆಂದು ಒದ್ದಾಡುವವನಿಗೆ ತುಕ್ಕು ಬರಿಸು ಎಂದರೆ ಹೇಗಾದೀತು? ಕುಲುಮೆಯಿಂದ ಬಂದ ಗೇಟಿನ ಮೇಲೆ ನೀಲಿ ಬೆರೆತ ಕಪ್ಪು ಹೊಳಪಿತ್ತು, ಕೈಯಾಡಿಸಿದರೆ ನುಣ್ಣಗಿತ್ತು. ಅದರ ಮೇಲೆಯೇ ರೆಡ್ ಆಕ್ಸೈಡ್ ಪ್ರೈಮರ್ ಬಳಿಸಿ, ದುಬಾರಿ ಕಪ್ಪು ಎನಾಮೆಲ್ ಹೊಡೆಸಿ, ಮುಹೂರ್ತಕ್ಕೆ ಏರಿಸಿಬಿಟ್ಟೆ.

ಆ ನೀಲಿ ಹೊಳಪಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ಹಣ ಹೋದದ್ದು ಅಲ್ಲಿಯೇ. ಅಂಗಡಿಯವರು ಅದನ್ನು ಮಿಲ್ ಸ್ಕೇಲ್ ಎನ್ನುತ್ತಾರೆ. ನಾನು ಚಕ್ಕೆ ಎನ್ನುತ್ತೇನೆ. ಕಾದ ಕಬ್ಬಿಣಕ್ಕೆ ಗಾಳಿ ತಾಗಿದಾಗ ಮೇಲೆ ಆಕ್ಸೈಡ್ ಕಟ್ಟುತ್ತದೆ. ಕಾವು ಸುಮಾರು 570 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದರಲ್ಲಿ ಮೂರು ಪದರ: ಕಬ್ಬಿಣಕ್ಕೆ ತಾಗಿ ವುಸ್ಟೈಟ್, ಅದರ ಮೇಲೆ ಮ್ಯಾಗ್ನೆಟೈಟ್, ತುದಿಯಲ್ಲಿ ತೆಳುವಾಗಿ ಹೆಮಟೈಟ್. ಸುರುಳಿ ತಿರುಗಿಸುವ ಕಾವು ಇದಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ಕುಲುಮೆಯ ಗೇಟಿಗೆ ಚಕ್ಕೆ ತಪ್ಪಿದ್ದಲ್ಲ. ಅದು ಗಾಜಿನಷ್ಟು ಪೆಡಸು. ತಣಿಯುವಾಗ ಕಬ್ಬಿಣ ಕುಗ್ಗಿದಷ್ಟು ಅದು ಕುಗ್ಗುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬಿರುಕು ಬಿಡುತ್ತದೆ. ಆ ಬಿರುಕಿಗೆ ನೀರು ಇಳಿದರೆ ಚಕ್ಕೆ ಮತ್ತು ಕಬ್ಬಿಣ ಸೇರಿ ಟಾರ್ಚಿನ ಸೆಲ್ಲಿನಂತೆ ಕೆಲಸ ಶುರು ಮಾಡುತ್ತವೆ. ಸವೆಯುವುದು ಕಬ್ಬಿಣ, ಅದೂ ಬಿರುಕಿನ ಕೆಳಗಿನ ಚೂರು ಜಾಗದಲ್ಲಿ, ಸುತ್ತಲಿನ ಇಡೀ ಚಕ್ಕೆಯ ಪರವಾಗಿ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಚಕ್ಕೆಯನ್ನು ಎತ್ತುತ್ತದೆ, ಚಕ್ಕೆಯ ಜೊತೆಗೆ ಬಣ್ಣವೂ ಏಳುತ್ತದೆ.

ನಮ್ಮಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ಮೊದಲು ಪಟ್ಟಿಗಳ ಸಂದಿನಿಂದ ಕೆಂಪು ನೀರು ಇಳಿಯಿತು, ಆಮೇಲೆ ಬಣ್ಣ ಹಾಳೆಹಾಳೆಯಾಗಿ ಎದ್ದಿತು. ಬಿದ್ದ ಒಂದು ತುಣುಕನ್ನು ಮಗುಚಿ ನೋಡಿದರೆ ಹಿಂದೆ ಅದೇ ನೀಲಿ ಹೊಳಪು! ಬಣ್ಣ ಚಕ್ಕೆಯನ್ನು ಬಿಗಿಯಾಗಿಯೇ ಹಿಡಿದಿತ್ತು, ಕಬ್ಬಿಣವನ್ನು ಹಿಡಿದಿದ್ದು ಯಾವುದೂ ಇರಲಿಲ್ಲ. ಆಗಲೂ ಬುದ್ಧಿ ಬರದೆ, ಕೆರೆಸಿ ಇನ್ನೂ ದುಬಾರಿ ಬಣ್ಣ ಹೊಡೆಸಿದೆ. ಅದೂ ಎದ್ದಿತು. ಹಿತ್ತಲಿನಲ್ಲಿ ಬಿಡು ಎಂದ ಕಮ್ಮಾರರು ಹೇಳಿದ್ದೂ ಇದನ್ನೇ: ಚಕ್ಕೆಯನ್ನು ತುಕ್ಕೇ ಎಬ್ಬಿಸಿಬಿಡಲಿ, ಬಣ್ಣ ಆಮೇಲೆ ಬರಲಿ. ಕಾಯುವ ತಾಳ್ಮೆ ಇದ್ದವರಿಗೆ ಖರ್ಚಿಲ್ಲದ ದಾರಿ.

ಕೊನೆಗೆ ಗೇಟು ಇಳಿಸಿ, ಪಟ್ಟಿಗಳನ್ನು ಬಿಚ್ಚಿಸಿ, ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಬ್ಲಾಸ್ಟಿಂಗಿಗೆ ಒಯ್ದೆ. ಎಂದರೆ, ಗಾಳಿಯ ರಭಸದಲ್ಲಿ ಗಟ್ಟಿ ಹರಳಿನ ಪುಡಿ ಹೊಡೆದು ಚಕ್ಕೆ, ತುಕ್ಕು ಕಿತ್ತುಹಾಕುವುದು. ನೀವೂ ಅದನ್ನೇ ಮಾಡಿ, ಆದರೆ ಏರಿಸುವ ಮೊದಲೇ ಮಾಡಿ. ‘ಎಸ್‌ಎ ಎರಡೂವರೆ’ ಮಟ್ಟಕ್ಕೆ ಬೇಕು ಎಂದು ಕೇಳಿ. ಆ ಕೆಲಸ ಮಾಡುವವರಿಗೆ ಅರ್ಥವಾಗುತ್ತದೆ. ಕಬ್ಬಿಣ ಬೂದಿ ಬಣ್ಣದ ಬೆತ್ತಲೆ ಲೋಹವಾಗಿ ಕಾಣಬೇಕು. ಹೊಳೆಮರಳಿನಿಂದ ಹೊಡೆಯುವವರಿದ್ದರೆ ಬೇರೆ ಕಡೆ ಹೋಗಿ. ಅದರ ದೂಳು ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುತ್ತದೆ. ಗಾರ್ನೆಟ್ ಎಂಬ ಗಟ್ಟಿ ಖನಿಜದ ಪುಡಿ ಅಥವಾ ತಾಮ್ರದ ಕಿಟ್ಟ ಬಳಸುವವರು ಸಿಗುತ್ತಾರೆ. ಬ್ಲಾಸ್ಟ್ ಆದ ದಿನವೇ ಸತು ತುಂಬಿದ ಎಪಾಕ್ಸಿ ಪ್ರೈಮರ್ ಬೀಳಬೇಕು, ಪಟ್ಟಿಗಳ ಒಳಮೈಗೂ. ಮೇಲೆ ಎಪಾಕ್ಸಿಯ ಇನ್ನೊಂದು ಪದರ, ಕೊನೆಗೆ ಪಿಯು. ಎಪಾಕ್ಸಿಯನ್ನು ಹಾಗೆಯೇ ಬಿಟ್ಟರೆ ಬಿಸಿಲಿಗೆ ಸುಣ್ಣ ಉದುರಿದಂತೆ ಪುಡಿಯಾಗುತ್ತದೆ, ಅದಕ್ಕೇ ಪಿಯು. ನಿಮ್ಮ ಮೂರರಲ್ಲಿ ಅದಕ್ಕೆ ಇರುವ ಕೆಲಸ ಅಷ್ಟೇ.

ಪೌಡರ್ ಕೋಟಿಂಗ್ ನನಗೆ ಸುತಾರಾಂ ಬೇಡ. ವಿದ್ಯುತ್ತಿನ ಸೆಳೆತದಿಂದ ಅಂಟುವ ಪುಡಿ ಸುರುಳಿಯ ಒಳಮೂಲೆಗಳಿಗೆ ಸರಿಯಾಗಿ ಇಳಿಯುವುದಿಲ್ಲ. ಒಂದು ಕಡೆ ಪೆಟ್ಟು ಬಿದ್ದರೆ ತುಕ್ಕು ಅಡಿಯಲ್ಲೇ ಹರಿಯುತ್ತದೆ, ಮನೆಯಲ್ಲಿ ರಿಪೇರಿ ಆಗುವುದಿಲ್ಲ. ಬಿಸಿ ಕಬ್ಬಿಣಕ್ಕೆ ಅಗಸೆ ಎಣ್ಣೆ, ಜೇನುಮೇಣ ಸವರುವ ವೀಡಿಯೊಗಳನ್ನೂ ನೀವು ನೋಡಿರುತ್ತೀರಿ. ಪಡಸಾಲೆಯ ದೀಪದ ಕಂಬಕ್ಕೆ ಚೆಂದ, ಬೀದಿಯ ಗೇಟಿಗೆ ಆಗದು. (ಅಗಸೆಯನ್ನು ಚಟ್ನಿಪುಡಿಗೆ ಉಳಿಸಿಕೊಳ್ಳಿ.) ಪೇಂಟರ್ ತುಕ್ಕು ತೆಗೆಯಲು ಶೌಚಾಲಯದ ಆ್ಯಸಿಡ್ ತಂದರೆ ಗೇಟಿನ ಹೊರಗೇ ನಿಲ್ಲಿಸಿ, ಸಂದಿಗೆ ಇಳಿದದ್ದನ್ನು ಯಾರೂ ತೊಳೆಯಲಾರರು.

ಬೆಸುಗೆಯ ಗೇಟಾದರೆ ಮಾತ್ರ ಕರಗಿದ ಸತುವಿನಲ್ಲಿ ಮುಳುಗಿಸುವ ಗ್ಯಾಲ್ವನೈಸಿಂಗನ್ನು ಮೀರಿದ್ದಿಲ್ಲ. ಸುಮಾರು 450 ಡಿಗ್ರಿಯ ತೊಟ್ಟಿ. ದಪ್ಪ ಸರಳಿನ ಮೇಲೆ 85 ಮೈಕ್ರಾನ್ ಆಸುಪಾಸು ಸತು ಕೂರುತ್ತದೆ. ಆದರೆ ಪೈಪಿದ್ದರೆ ಗಾಳಿ ಮತ್ತು ನೀರು ಹೋಗಲು ರಂಧ್ರ ಕೊರೆದಿರಬೇಕು, ಇಲ್ಲವಾದರೆ ಒಳಗಿನ ತೇವ ಆವಿಯಾಗಿ ತೊಟ್ಟಿಯಲ್ಲೇ ಸಿಡಿಯಬಹುದು. ಪಟ್ಟಿ ಸುತ್ತಿದ ನಮ್ಮಂಥ ಗೇಟಿನ ಸಂದುಗಳಲ್ಲಿ, ಮುಳುಗಿಸುವ ಮುಂಚೆ ಅಲ್ಲಿ ತೊಳೆಯಲು ಬಳಸುವ ಆ್ಯಸಿಡ್ ಉಳಿಯುತ್ತದೆಂದು ನಾನು ಆ ದಾರಿ ಬಿಟ್ಟೆ. ಸತುವಿನ ಮೇಲೆ ನೇರವಾಗಿ ಎನಾಮೆಲ್ ಹೊಡೆಸಬೇಡಿ. ಬಣ್ಣದ ಎಣ್ಣೆ ಸತುವಿನ ಜೊತೆ ಸೇರಿ ಸಾಬೂನಾಗಿ ಸಿಪ್ಪೆ ಏಳುತ್ತದೆ. ಮೊದಲೇ ಸತು ಹಚ್ಚಿದ ಜಿಐ ಪೈಪು ತಂದು ಬೆಸುಗೆ ಹಾಕಿಸಿದರೂ ಸುಖವಿಲ್ಲ, ಬೆಸುಗೆಯ ಜಾಗದಲ್ಲೇ ಸತು ಉರಿದುಹೋಗಿರುತ್ತದೆ.

ಇನ್ನು ನಿಮ್ಮ ಶ್ರಾವಣ. ಗಾಳಿಯ ತೇವ ಶೇಕಡಾ 85 ಮೀರಿದ್ದರೆ ಎಪಾಕ್ಸಿ ಹೊಡೆಯಬಾರದು, ಮತ್ತು ಆಷಾಢದ ಧಾರವಾಡದಲ್ಲಿ ಅದಕ್ಕಿಂತ ಕಡಿಮೆ ಸಿಗುವುದನ್ನು ನಂಬಿಕೊಳ್ಳಲಾಗದು. ಗೃಹಪ್ರವೇಶಕ್ಕೆ ತಗಡಿನ ಬಾಗಿಲು ಕಟ್ಟಿ, ಗೇಟನ್ನು ದೀಪಾವಳಿ ಕಳೆದ ಮೇಲೆ ಏರಿಸಿ. ಬ್ಲಾಸ್ಟಿಂಗಿಗೆ ಕಳಿಸುವ ಮುಂಚೆಯೇ ಕಂಬಕ್ಕೆ ತೂಗುಹಾಕಿ, ಬಿಜಾಗರಿ, ಚಿಲಕ ಎಲ್ಲ ಹೊಂದಿಸಿ ನೋಡಿ. ಬಣ್ಣವಾದ ಮೇಲೆ ಅಲ್ಲಿ ಒಂದು ಬೆಸುಗೆ ಬಿದ್ದರೂ ಆ ಜಾಗವನ್ನು ಮತ್ತೆ ಬ್ಲಾಸ್ಟಿಂಗಿನಿಂದ ಶುರು ಮಾಡಬೇಕಾಗುತ್ತದೆ.